ಬೆನ್ನ ಹಿಂದಿನ ಬೆತ್ತ

ಮಲಪ್ರಭೆಯ ದಂಡೆಯಲ್ಲಿ ಅಡವಯ್ಯನವರ ಆಶ್ರಮ. ಅಲ್ಲಿ ಧ್ಯಾನಕ್ಕೆ ಕೂತವರ ಹಿಂದೆ ಹಿರಿಯ ಶಿಷ್ಯನೊಬ್ಬ ಬೆತ್ತ ಹಿಡಿದು ಓಡಾಡುತ್ತಾನೆ. ಯಾರ ಬೆನ್ನು ಬಾಗಿತೋ ಅವರಿಗೆ ಬೆತ್ತದ ತುದಿಯನ್ನು ಮೆಲ್ಲಗೆ ತಾಗಿಸುತ್ತಾನೆ. ಅವರು ನೆಟ್ಟಗಾಗುತ್ತಾರೆ. ಹೊಡೆಯುವ ಮಾತೇ ಇಲ್ಲ.

ಹತ್ತಿರದ ಜೈಲಿನಲ್ಲಿ ಗುರುಗಳು ಒಂಬತ್ತು ವರ್ಷ ಪ್ರತಿ ಶನಿವಾರ ಧ್ಯಾನ ಕಲಿಸಿದ್ದರು. ಈ ಸಲ ಮೊಣಕಾಲು ಹಿಡಿದುಕೊಂಡಿತು. ಶಿಷ್ಯ ನಿಜಗುಣನನ್ನು ಕಳಿಸಿದರು. ಅವನು ಬೆತ್ತವನ್ನೂ ಜೊತೆಗೆ ಒಯ್ದ. ಗುರುಗಳ ಹೆಸರು ಹೇಳಿದ್ದಕ್ಕೆ ಜೈಲಿನ ಬಾಗಿಲಲ್ಲಿ ಯಾರೂ ತಡೆಯಲಿಲ್ಲ.

ಮಧ್ಯಾಹ್ನ ತಿರುಗಿ ಬಂದಾಗ ಅವನ ತುಟಿ ಒಡೆದಿತ್ತು.

"ಯಾರು ಹೊಡದ್ರೋ?" ಕೇಳಿದರು ಗುರುಗಳು.

"ಯಮನೂರಪ್ಪ ಅಂತ ಒಬ್ಬ ಕೈದಿರಿ. ನಾ ಹೇಳಿದಂಗ ಎಲ್ಲಾರೂ ಕಣ್ಣ ಮುಚ್ಚಿ ಕೂತಿದ್ರು. ಅವ ಒಬ್ಬನ ಗ್ವಾಡಿಗೆ ಬೆನ್ನ ಹಚ್ಚಿ, ಕಣ್ಣ ತೆರಕೊಂಡು ಕೂತಿದ್ದ. ಶಿಸ್ತು ಅಂದ್ರ ಶಿಸ್ತು. ಮುಂದಿನ ಸಾಲಿಗೆ ಕರಕೊಂಡು ಬಂದು ಕೂಡಿಸಿದೆ. ಕಣ್ಣ ಮುಚ್ಚಿಸಿದೆ."

"ಆಮ್ಯಾಲ?"

"ಬೆನ್ನ ಬಾಗಿತ್ತು. ಹಿಂದ ನಿಂತು ಬೆತ್ತ ತಾಗಿಸಿದೆ. ಖರೇನ, ಬರೇ ತಾಗಿಸಿದ್ದು. ಸಟ್ಟನ ಎದ್ದು ನನ್ನ ಬಾಯಿಗೆ ಗುದ್ದಿದ."

ಗುರುಗಳು ಅವನ ಕೈಯಲ್ಲಿದ್ದ ಬೆತ್ತವನ್ನು ನೋಡಿದರು.

"ನಾನೇನ ಸುಮ್ಮನ ಬರಲಿಲ್ರಿ. ದೂರು ಬರಕೊಟ್ಟ ಬಂದೀನಿ."

ಸನ್ನಡತೆಯ ಮೇಲೆ ಬಿಡುಗಡೆಯಾಗುವವರ ಪಟ್ಟಿ ಸೋಮವಾರ ಜೈಲಿನಿಂದ ಮೇಲಿನವರಿಗೆ ಹೋಗುವುದಿತ್ತು. ಕೊಲೆ ಮಾಡಿ ಹದಿಮೂರು ವರ್ಷ ಜೈಲಿನಲ್ಲಿ ಕಳೆದಿದ್ದ ಯಮನೂರಪ್ಪನ ಹೆಸರು ಅದರಲ್ಲಿತ್ತು. ಒಂದು ದೂರು ಬಂದರೆ ಹೆಸರು ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಇದು ನಿಜಗುಣನಿಗೆ ಗೊತ್ತಿತ್ತು. ಗೊತ್ತಿದ್ದೇ ಬರೆದಿದ್ದ.

"ಕೂಡ್ರು," ಅಂದರು ಗುರುಗಳು. "ಹೊಳಿ ಕಡೆ ಮುಖ ಮಾಡು. ಕಣ್ಣ ಮುಚ್ಚು."

ಅವನು ಕೂತ. ಗುರುಗಳು ಬೆತ್ತ ಕಿತ್ತುಕೊಂಡು ಹಿಂದೆ ನಿಂತರು.

"ಕಣ್ಣ ತೆರೆದರ ಹೊಡೀತೀನಿ. ತೆರೀಲಿಲ್ಲಂದ್ರೂ ಹೊಡದೇನು. ಯಾವಾಗಂತ ಹೇಳೂದಿಲ್ಲ."

ಹಿಂದೆ ಹೆಜ್ಜೆಯ ಸದ್ದು ದೂರ ಹೋಯಿತು. ತಿರುಗಿತು. ಹತ್ತಿರ ಬಂದು ನಿಂತಿತು. ಬೆತ್ತ ಗಾಳಿಯಲ್ಲಿ ಒಮ್ಮೆ ಸುಂಯ್ ಎಂದಿತು. ನಿಜಗುಣ ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಸರ್ರನೆ ತಿರುಗಿದ.

"ಯಾಕ ತಿರುಗಿದಿ? ನಾ ಹೊಡದೆನೇನು?"

"ಇಲ್ರಿ."

"ಎಷ್ಟೊತ್ತು ಕೂತಿದ್ದಿ?"

"ಐದು ನಿಮಿಷ ಆಗಿರಬೇಕ್ರಿ."

"ಯಮನೂರಪ್ಪ ಆರು ವರ್ಷ ಹಿಂಗ ಕೂತಿದ್ದ." ಸಿಟ್ಟಿಗೆ ಗುರುಗಳ ದನಿ ಏರಿತು. "ಏಳು ವರ್ಷದ ಕೂಸು. ಅವ್ವ ಸತ್ಲು, ಅಪ್ಪ ಓಡಿಹೋದ. ಅನಾಥ ಮಕ್ಕಳ ಮನಿಗೆ ಹಾಕಿದ್ರು. ಅಲ್ಲಿ ದಿನಾ ಸಂಜೀಕ ಪ್ರಾರ್ಥನಾ. ಮಕ್ಕಳೆಲ್ಲಾ ಕಣ್ಣ ಮುಚ್ಚಿ ಕೂಡಬೇಕು. ಹಿಂದ ಬೆತ್ತ ಹಿಡಕೊಂಡು ಮೇಲ್ವಿಚಾರಕ. ಕಣ್ಣ ತೆರೆದವಗ ಎರಡೇಟು. ತೆರೀಲಾರದವಗೂ ಯಾವಾಗರ ಒಂದು, ಸುಮ್ಮನ. ಅವನ ಬೆನ್ನ ನೋಡೀಯೇನು ನೀನು? ನಾ ನೋಡೀನಿ. ನಾ ಜೈಲಿಗೆ ಹೋಗಲಿಕ್ಕೆ ಹತ್ತಿದ ನಾಲ್ಕನೇ ವರ್ಷಕ್ಕ ಅಂಗಿ ಎತ್ತಿ ತೋರಿಸಿದ. ಅಲ್ಲೀತನಕ ನನ್ನ ಕೂಡ ಒಂದು ಮಾತಾಡಿದ್ದಿಲ್ಲ."

ಕಣ್ಣು ಮುಚ್ಚಿದರೆ ಒಳಗೆ ಬೆಳಕು ಕಾಣುತ್ತದೆ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಅವ್ವನ ಸೆರಗು ಹೊದ್ದು ಮಲಗಿ ಬೆಳೆದವರು. ನಮಗೆ ಕಂಡೀತು.

ನಿಜಗುಣ ತಲೆ ಎತ್ತಲಿಲ್ಲ. ಆದರೂ ಕೇಳಿದ. "ಹಂಗಂತ ಅವ ಕೊಲೆ ಮಾಡಿದ್ದು ಸರಿ ಏನ್ರಿ?"

"ಸರಿ ಅಂತ ಯಾವ ಬಾಯಿಲೆ ಅನ್ನಲಿ? ಸತ್ತವಗೂ ಹೆಂಡ್ತಿ ಮಕ್ಕಳಿದ್ರು. ಆ ತಪ್ಪಿಗೆ ಹದಿಮೂರು ವರ್ಷ ಶಿಕ್ಷಾ ಉಂಡಾನ. ಏಳು ವರ್ಷದವ ಇದ್ದಾಗ ಉಂಡದ್ದು ಯಾವ ತಪ್ಪಿಗೆ? ಪೊಲೀಸ್ರು ಕೇಳಲಿಲ್ಲ, ವಕೀಲ ಕೇಳಲಿಲ್ಲ, ಜಡ್ಜ್ ಸಾಹೇಬ್ರು ಕೇಳಲಿಲ್ಲ. ಆ ಮೇಲ್ವಿಚಾರಕ ಪೆನ್ಶನ್ ತಗೊಂಡು ಆರಾಮ ಅದಾನ. ಮೊನ್ನೆ ಅವಗ ಶಾಲು ಹೊಚ್ಚಿ ಸನ್ಮಾನ ಬ್ಯಾರೆ ಮಾಡಿದ್ರು!"

ಗುರುಗಳು ಬೆತ್ತವನ್ನು ನೆಲಕ್ಕೆ ಎಸೆದರು.

"ಒಂಬತ್ತು ವರ್ಷ ನಾ ಅಲ್ಲಿಗೆ ಬೆತ್ತ ಒಯ್ದಿಲ್ಲ. ಯಾರಿಗೂ ಕಣ್ಣ ಮುಚ್ಚು ಅಂದಿಲ್ಲ. ಯಾಕಂತ ನೀ ಕೇಳಲಿಲ್ಲ, ನಾ ಹೇಳಲಿಲ್ಲ. ಅವನ ಗುಟ್ಟು ಅಂತ ಬಾಯಿ ಹೊಲಕೊಂಡು ಕೂತೆ. ಮೊದಲ ನನ್ನ ಸುಡಬೇಕು."

ನಿಜಗುಣ ಅಳುತ್ತಿದ್ದ. "ನಾಳೆ ಹೋಗಿ, ಅವನ್ನ ಕ್ಷಮಿಸೀನಿ ಅಂತ ಬರಕೊಟ್ಟು ಬರ್ತೀನ್ರಿ."

ಗುರುಗಳು ಉರಿದುಬಿದ್ದರು.

"ಕ್ಷಮಿಸಾವ ನೀನ? ಯಾವೂರ ದೇವರೋ ನೀನು? ಬೆತ್ತ ಒಯ್ದೆ, ಕಣ್ಣ ಮುಚ್ಚಿಸಿದೆ, ಹಿಂದಿನಿಂದ ಮುಟ್ಟಿದೆ ಅಂತ ಬರಿ. ದೂರು ವಾಪಸ್ ಅಂತ ಬರಿ. ಕೆಳಗ ನಿನ್ನ ಹೆಸರು ಹಾಕು. ನಾಳೆ ಅಲ್ಲ, ಈಗ."

ನಿಜಗುಣ ಕಾಗದ ತಂದು ಬರೆದ. ಬರೆದು ಓದಿ ಹೇಳಿದ. ಕೊನೆಯಲ್ಲಿ 'ಇದು ಅರಿಯದೆ ಆದ ತಪ್ಪು' ಎಂದಿತ್ತು.

"ಪಟ್ಟಿಯಾಗ ಅವನ ಹೆಸರೈತಿ ಅನ್ನೋದು ನಿನಗ ಗೊತ್ತಿದ್ದಿಲ್ಲೇನು?"

ನಿಜಗುಣ 'ಅರಿಯದೆ ಆದ' ಎಂಬ ಮಾತನ್ನು ಹೊಡೆದುಹಾಕಿದ.

"ಜೈಲಿನ ಸಾಹೇಬ್ರು ಇದನ್ನ ತಗೊಳ್ಳದಿದ್ರ?"

"ತಗೊಳ್ಳೂತನಕ ಜೈಲಿನ ಬಾಗಿಲಾಗ ಕೂಡ್ರು. ಸೋಮವಾರದ ಒಳಗ ತಗೋಬೇಕು."

ಅವನು ಕಾಗದ ಮಡಚಿ ಕಿಸೆಗೆ ಇಟ್ಟುಕೊಂಡ. ಮೆಟ್ಟಿಲಿಳಿದವನು ನಿಂತ.

"ಯಮನೂರಪ್ಪನ ಹತ್ರ ಹೋದಾಗ ಏನಂತ ಮಾತಾಡ್ಲಿರಿ?"

"ಎದುರಿನಿಂದ ಹೋಗು," ಅಂದರು ಗುರುಗಳು. "ಎರಡೂ ಕೈ ಅವಗ ಕಾಣೂ ಹಂಗ ಇಟಗೊಂಡು ಹೋಗು. ಮಾತು ಬೇಕೋ ಬ್ಯಾಡೋ, ಅವ ಹೇಳ್ತಾನ."