ಹೊನ್ನವ್ವನ ಬಂಗು

ಹೊಳೆಯ ದಂಡೆಯ ಆಶ್ರಮದಲ್ಲಿ ಚನ್ನವೀರಜ್ಜ ಎಂಬ ಗುರುಗಳಿದ್ದರು. ಸುತ್ತಲಿನ ಊರಿನವರು ಮದ್ದಿಗಾಗಿ ಅವರ ಬಳಿ ಬರುತ್ತಿದ್ದರು.

ಶಂಭುಲಿಂಗ ಅವರ ಶಿಷ್ಯ. ಕೈ ಚುರುಕು, ಮನಸ್ಸು ಮೆತ್ತಗೆ. ಯಾರಾದರೂ ಅತ್ತರೆ ಅವನಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಆಚೆ ದಡದಿಂದ ಹೊನ್ನವ್ವ ಎಂಬ ಹೆಣ್ಣುಮಗಳು ಬಂದಳು. ಸೆರಗು ಸರಿಸಿದಳು. ಎರಡೂ ಕೆನ್ನೆಯ ಮೇಲೆ, ಹಣೆಯ ಮೇಲೆ ಕಪ್ಪಗೆ ಬಂಗು ಹರಡಿತ್ತು.

"ಬಸುರಿದ್ದಾಗ ಬಂತ್ರಿ ಅಜ್ಜಾರ. ಕೂಸು ಉಳಿಲಿಲ್ಲ. ಇದು ಉಳೀತು."

"ಮನ್ಯಾಗ ಏನಂತಾರವ್ವ?"

"ಈ ಕರಿ ಮಾರಿ ನೋಡೇ ಕೂಸು ಹೋತು ಅಂತಾರ್ರಿ. ಗಂಡ ನನ್ನ ಮಾರಿ ನೋಡಿ ಮಾತಾಡೂದು ಬಿಟ್ಟಾನ. ಬ್ಯಾರೆ ಹೆಣ್ಣು ನೋಡಾಕ ಹತ್ಯಾರ."

ಗುರುಗಳು ರಕ್ತಚಂದನದ ತುಂಡು ಕೊಟ್ಟರು. "ಹಾಲಿನ್ಯಾಗ ತೇದು ಹಚ್ಚವ್ವ. ಬಿಸಿಲಿಗೆ ಹೋಗಬ್ಯಾಡ. ತಡ ಆಗತೈತಿ. ಪೂರಾ ಹೋಗದೇನೂ ಇರಬಹುದು. ಒಮ್ಮೆ ನಿನ್ನ ಗಂಡನ್ನ ಕರ್ಕೊಂಡು ಬಾ."

ಅವಳು ತುಂಡನ್ನು ಸೆರಗಿಗೆ ಕಟ್ಟಿಕೊಂಡು ಎದ್ದಳು.

ಶಂಭುಲಿಂಗ ದೋಣಿಯವರೆಗೂ ಜೊತೆಗೆ ಹೋದ. ಅಲ್ಲಿ ಅವಳು ಅತ್ತಳು. "ತಡ ಆಗತೈತಿ ಅಂತಾರ. ಅಷ್ಟು ದಿವಸ ನನ್ನ ಮನ್ಯಾಗ ಇಟ್ಕೋಬೇಕಲ್ರಿ."

ಅವನು ಓಡಿಹೋಗಿ ಚಿತ್ರಮೂಲದ ಬೇರನ್ನು ಅರೆದು ತಂದ. ಬಿಳಿ ಮಚ್ಚೆಗೆ ಗುರುಗಳು ಅದನ್ನು ಚೂರೇ ಚೂರು ಹಚ್ಚುವುದನ್ನು ಅವನು ನೋಡಿದ್ದ.

"ಇದನ್ನ ಚೂರ ಹಚ್ಕೊ, ಬೇಗ ಹೋಗತೈತಿ. ಉರಿ ಶುರುವಾದ ಕೂಡ್ಲೇ ತೊಳ್ಕೊ. ಅಜ್ಜಾರಿಗೆ ಹೇಳಬ್ಯಾಡ."

ಹೊನ್ನವ್ವ ತೊಳೆದುಕೊಳ್ಳಲಿಲ್ಲ. ಹೆಚ್ಚು ಉರಿದಷ್ಟೂ ಬೇಗ ಹೋಗುತ್ತದೆಂದು ಹಲ್ಲು ಕಚ್ಚಿ ಸಹಿಸಿದಳು.

ಮತ್ತೆ ಬಂದಾಗ ಅವಳ ಮುಖವೆಲ್ಲ ಬೊಬ್ಬೆ ಎದ್ದು ಒಡೆದಿತ್ತು. ಗಂಡ ಆಚೆ ದಡದಲ್ಲಿ ದೋಣಿ ಹತ್ತಿಸಿ, ಇನ್ನು ಮನೆಗೆ ಬರಬೇಡ ಎಂದು ಹೇಳಿ ತಿರುಗಿ ಹೋಗಿದ್ದ.

"ಯಾರವ್ವ ಕೊಟ್ಟವರು?" ಗುರುಗಳು ಕೇಳಿದರು.

"ಯಾರೂ ಇಲ್ರಿ. ನಾನ ಏನೋ ಹಚ್ಕೊಂಡೆ."

ಶಂಭುಲಿಂಗ ಮುಂದೆ ಬಂದ. "ನಾನ ಕೊಟ್ಟೆ ಅಜ್ಜಾರ. ಅಕಿ ಅಳೂದು ನೋಡಲಾರದ ಕೊಟ್ಟೆ."

ಗುರುಗಳು ಬೈಯಲಿಲ್ಲ. ತಣ್ಣೀರಲ್ಲಿ ತೊಳೆದ ತುಪ್ಪದ ಬಟ್ಟಲನ್ನು ಅವನ ಕೈಗಿಟ್ಟರು. "ವಾಸಿ ಆಗೂತನಕ ನೀನ ಹಚ್ಚು."

ಹೊನ್ನವ್ವ ಆಶ್ರಮದಲ್ಲೇ ಉಳಿದಳು. ಶಂಭುಲಿಂಗ ದಿನಾಲೂ ತುಪ್ಪ ಹಚ್ಚುತ್ತಿದ್ದ, ಹೊಳೆಯ ಕಡೆ ಮುಖ ತಿರುಗಿಸಿಕೊಂಡು. ಒಮ್ಮೆ ಅವನ ಬೆರಳು ತಪ್ಪಿ ಹಸಿ ಗಾಯಕ್ಕೆ ತಾಗಿತು. ಅವಳು ಉಸಿರು ಬಿಗಿಹಿಡಿದಳು.

ಗುರುಗಳು ನೋಡಿದರು. "ಎಲ್ಲಿ ನೋಡಾಕ ಹತ್ತಿ?"

"ಈ ಮಾರಿ ನೋಡಾಕ ನನ್ನ ಕೈಲಿ ಆಗೂದಿಲ್ಲ ಅಜ್ಜಾರ."

"ಅಕಿ ಗಂಡನೂ ಹಿಂಗ ಅಂದ."

ಅಂದಿನಿಂದ ಅವನು ನೋಡಿಯೇ ಹಚ್ಚಿದ.

ಗಾಯ ಮಾಯಿತು. ಆದರೆ ಬಂಗು ಇದ್ದಲ್ಲೆಲ್ಲ ಇನ್ನೂ ಕಪ್ಪಾಯಿತು, ಅಂಚಿನಲ್ಲಿ ಚರ್ಮ ಸುಕ್ಕುಗಟ್ಟಿತು. ಆಶ್ರಮದಲ್ಲಿ ಕನ್ನಡಿ ಇರಲಿಲ್ಲ.

"ಹೆಂಗೈತ್ರಿ?" ಹೊನ್ನವ್ವ ಕೇಳಿದಳು.

"ಕಡಿಮಿ ಆಗೈತಿ..."

"ನೀವು ಸುಳ್ಳು ಹೇಳಬ್ಯಾಡ್ರಿ."

ಅವನು ಅವಳ ಮುಖವನ್ನೇ ನೋಡಿದ. "ಮೊದಲಿಗಿಂತ ಹೆಚ್ಚಾಗೈತಿ. ಇನ್ನ ಹೋಗೂದಿಲ್ಲ."

ಅವಳು ತಲೆಯಾಡಿಸಿದಳು. ಅವನು ಬಟ್ಟಲು ಕೆಳಗಿಟ್ಟ, ಎದ್ದು ಹೋಗಲಿಲ್ಲ.

ಅವಳು ಗದ್ದ ಮುಟ್ಟಿಕೊಂಡು ಹೇಳಿದಳು, "ಕೂಸಿಗೆ ನನ್ನ ಮಾರೀನ ಬಂದಿತ್ತು. ಇದೇ ಗದ್ದ, ಇದೇ ಮೂಗು. ಬಂಗು ಇರಲಿಲ್ಲ ಅಷ್ಟ."

"ಹೆಣ್ಣು ಕೂಸೋ?"

"ಹೆಣ್ಣು. ಇದನ್ನ ಯಾರೂ ಕೇಳಿದ್ದಿಲ್ಲ ನನ್ನ."

ಆ ದಿನ ಅವಳು ಕೂಸಿನ ಬಗ್ಗೆ ಹೇಳುತ್ತಲೇ ಇದ್ದಳು. ಅವನು ಕೇಳುತ್ತಲೇ ಇದ್ದ.

ಸುಗ್ಗಿ ಮುಗಿಯಿತು. ಆಚೆ ದಡದಿಂದ ಮದುವೆಯ ವಾಲಗ ಕೇಳಿಬಂತು. ಯಾರ ಮದುವೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮರುದಿನ ಹೊನ್ನವ್ವ ದೂರದೂರಿನ ಅಕ್ಕನ ಮನೆಗೆ ಹೊರಟಳು. ಗುರುಗಳ ಕಾಲಿಗೆ ಬಿದ್ದಳು. ಶಂಭುಲಿಂಗನಿಗೂ ಕೈಮುಗಿದಳು. ಅದೇ ಅವನನ್ನು ಹೆಚ್ಚು ಸುಟ್ಟಿತು.

ಅವಳು ಕಣ್ಮರೆಯಾದ ಮೇಲೆ ಅವನು ಗುರುಗಳ ಮುಂದೆ ಕುಸಿದು ಕುಳಿತ.

"ಅಜ್ಜಾರ, ಇನ್ನ ನಾನು ಯಾರಿಗೂ ಮದ್ದು ಕೊಡೂದಿಲ್ಲ. ನನ್ನ ಕಳಿಸಿಬಿಡ್ರಿ."

ಗುರುಗಳು ದಂಡೆಯ ಕಡೆ ನೋಡುತ್ತಿದ್ದರು. ದೋಣಿಯಿಂದ ಒಬ್ಬ ಮುದುಕ ಇಳಿದು, ಕಲ್ಲಿನ ಮೇಲೆ ಕುಳಿತು ಕೆಮ್ಮುತ್ತಿದ್ದ.

ಶಂಭುಲಿಂಗ ಅಭ್ಯಾಸಬಲದಿಂದ ಎದ್ದು ಮದ್ದಿನ ಚೀಲಕ್ಕೆ ಕೈ ಹಾಕಿದ.

ಗುರುಗಳು ಅವನ ಕೈಯಿಂದ ಚೀಲವನ್ನು ಮೆಲ್ಲಗೆ ಬಿಡಿಸಿಕೊಂಡರು.

"ಇದು ಇಲ್ಲೇ ಇರಲಿ. ಹೋಗಿ ಅವನ ಬಾಜೂಕ ಕುಂದ್ರು."