ಹಸಿರುಗೇರಿ ಎಂಬ ಬಯಲು

ಕರೇಗುಡ್ಡದ ನೆತ್ತಿಯಲ್ಲಿ ದೊರೆಯ ಬಂಗಲೆ ಇಂದಿಗೂ ನಿಂತಿದೆ. ಅದರ ದಪ್ಪ ಕಂಬಗಳು ಹರದಾರಿ ದೂರಕ್ಕೆ ಕಾಣುತ್ತವೆ. ಕೆಳಗೆ ಹಳ್ಳದವರೆಗೂ ಬರೀ ಹುಲ್ಲಿನ ಬಯಲು. ಒಂದು ಮನೆಯಿಲ್ಲ, ಒಂದು ಗುಡಿಯಿಲ್ಲ, ಹೆಸರು ಮಾತ್ರ ಹಸಿರುಗೇರಿ. ಮನೆಯಿಲ್ಲದ್ದು ಯಾವ ಸೀಮೆಯ ಕೇರಿಯಪ್ಪಾ ಎಂದು ನಗುವವರು ನಗಲಿ. ನಮ್ಮ ಹಿರಿಯರು ಆ ಹೆಸರು ಹೇಳುವಾಗ ನಗುವುದಿಲ್ಲ.

ಹಿಂದೆ ಒಮ್ಮೆ, ಪರಂಗಿಗಳ ಕಾಲದಲ್ಲಿ, ಆ ಬಯಲಿನಲ್ಲಿ ಚಿತ್ರಗಾರರ ಕೇರಿ ಇತ್ತು. ಅಲ್ಲಿಯ ಹುಲಿಗಪ್ಪನ ಕೈ ಬಣ್ಣಕ್ಕೆ ಹೆಸರಾದದ್ದು. ಅವರ ಕುಲದಲ್ಲಿ ಒಂದು ಕಟ್ಟಳೆ: ಗೆರೆ ಎಳೆಯುವವನು ಹಿರಿಯ, ಬಣ್ಣ ತುಂಬುವವನು ಕಿರಿಯ, ಕಿರಿಯನು ಗೆರೆ ತಿದ್ದಿದರೆ ಸತ್ತ ಹಿರಿಯರಿಗೆ ಎಡೆ ಮುಟ್ಟುವುದಿಲ್ಲ. ಬಂಗಲೆಯ ಪರಂಗಿ ದೊರೆ ತನ್ನ ಮನೆಯ ಚಿತ್ರವನ್ನು ಕಡಲಾಚೆಯ ಸೀಮೆಯಲ್ಲಿ ತಾಮ್ರದ ತಗಡಿನ ಮೇಲೆ ಕೊರೆಸಿ, ಹಾಳೆಗಳಿಗೆ ಅಚ್ಚೊತ್ತಿಸಿ ತರಿಸಿದ. ಆ ಕಪ್ಪು ಗೆರೆಗಳಿಗೆ ಕೈಯಿಂದ ಬಣ್ಣ ತುಂಬುವ ಕೆಲಸ ಹುಲಿಗಪ್ಪನಿಗೆ ಬಂತು. ಕಂಬ, ಕಿಟಕಿ, ಮೆಟ್ಟಿಲು ಎಲ್ಲ ಇದ್ದಂತೆಯೇ ಇದ್ದವು. ಕೇರಿ ಇರಬೇಕಾದಲ್ಲಿ ಮಾತ್ರ ಖಾಲಿ ಬಯಲು. ಕೊರೆದ ಪುಣ್ಯಾತ್ಮ ದೊರೆ ಕಳಿಸಿದ ಬಂಗಲೆಯ ನಕ್ಷೆ ಕಂಡಿದ್ದನೇ ಹೊರತು ಈ ಗುಡ್ಡವನ್ನು ಕಂಡವನೇ ಅಲ್ಲ. ಬಂಗಲೆಯ ಮುಂದೆ ಹುಲ್ಲಿದ್ದರೆ ಚೆಂದ ಎಂದು ಹಾಗೆ ಕೊರೆದಿದ್ದ. ಹುಲಿಗಪ್ಪನ ಹೆಂಡತಿ ಗಾಳೆಮ್ಮ ಬಗ್ಗಿ ನೋಡಿ, "ನಮ್ಮ ಮನಿ ಎಲ್ಲೈತಿ?" ಎಂದಳು. "ಗೆರೆಯಾಗ ಇಲ್ಲ. ಗೆರೆ ಹಾಕಿದವ್ರು ಹಿರಿಯರು, ನಾನ್ಯಾಕ ಮೀರಲಿ? ಚಿತ್ರದಾಗ ಇಲ್ಲಂದ್ರ ಮನಿ ಎದ್ದು ಹೋಗ್ತದೇನು?" ಎಂದು ಅವನು ಎಲ್ಲ ಹಾಳೆಗಳಿಗೂ ಹಸಿರು ಹಚ್ಚಿದ. ತನ್ನ ಹೊಸ್ತಿಲಿದ್ದ ಜಾಗಕ್ಕೆ ಬಂದಾಗ ಕೈ ತುಸು ತಡೆಯಿತು ಎನ್ನುತ್ತಾರೆ.

ಒಂದು ಹಾಳೆ ಬಂಗಲೆಯ ಗೋಡೆ ಸೇರಿತು, ಉಳಿದವು ಹಡಗು ಹತ್ತಿದವು. ಸೀಮೆಯಲ್ಲಿ ಅವನ್ನು ಕಂಡು ಮೆಚ್ಚಿದ ದೊಡ್ಡ ಸಾಹೇಬನೊಬ್ಬ ಬಂಗಲೆ ನೋಡಲು ಬರುತ್ತೇನೆಂದು ಹೇಳಿ ಕಳಿಸಿದ. ದೊರೆಗೆ ಮಾನದ ಪ್ರಶ್ನೆಯಾಯಿತು. ಬಂದವನಿಗೆ ಚಿತ್ರದಲ್ಲಿದ್ದಂತೆಯೇ ಕಾಣಬೇಕು, ಕೇರಿ ಕೀಳಿಸಿ ಎಂದು ಅಪ್ಪಣೆ ಹೊರಟಿತು. ಅವನಪ್ಪನ ಗಂಟೇನು ಹೋಗಬೇಕಿತ್ತು? ಹುಲಿಗಪ್ಪನ ಎದೆ ಒಡೆಯಿತು. ಕಟ್ಟಳೆಯನ್ನೂ ಮರೆತು, ಕುಂಚ ಹಿಡಿದು ಗುಡ್ಡ ಹತ್ತಿ, "ಗ್ವಾಡಿ ಮ್ಯಾಲಿನ ಚಿತ್ರ ಕೊಡ್ರಿ ಬುದ್ಧಿ, ನಮ್ಮ ಮನಿ ಬರೀತೀನಿ" ಎಂದು ಕಾಲಿಗೆ ಬಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ದೊರೆ ದುಬಾಷಿಯ ಬಾಯಿಂದ ಕೇಳಿಸಿದ್ದು ಒಂದೇ ಮಾತು: "ಇಲ್ಲಿ ಹಸಿರು ಹಚ್ಚಿದವನು ನೀನೇ ಅಲ್ಲವೇ?" ಹುಲಿಗಪ್ಪ ಹೌದೆಂದ.

ಗೋಡೆಗಳು ಉರುಳಿದವು, ಮೇಲೆ ಹುಲ್ಲು ಬಿತ್ತಿದರು. ಕೇರಿಯವರು ದಿಕ್ಕಾಪಾಲಾದರು. ಹೋಗುವಾಗ ಹುಲಿಗಪ್ಪನನ್ನು ಶಪಿಸಿ ಅವರೇ ಇಟ್ಟ ಹೆಸರು ಹಸಿರುಗೇರಿ ಎನ್ನುತ್ತಾರೆ. ಗಾಳೆಮ್ಮ ತವರು ಸೇರಿದಳು. ಗಂಡನ ಕೈಯ ನೀರನ್ನು ಮತ್ತೆ ಮುಟ್ಟಲಿಲ್ಲ. ಅವನು ಎಲ್ಲಿ ಸತ್ತನೋ ಯಾರಿಗೂ ಗೊತ್ತಿಲ್ಲ.

ಈಗ ರಜೆಯ ದಿನ ಪೇಟೆಯವರು ಬರುತ್ತಾರೆ. ಬಾಗಿಲಲ್ಲಿ ಮಾರುವ ಆ ಹಳೆಯ ಚಿತ್ರದ ನಕಲನ್ನು ಎತ್ತಿ ಹಿಡಿದು, ಒಮ್ಮೆ ಕಾಗದ, ಒಮ್ಮೆ ಗುಡ್ಡ ನೋಡುತ್ತಾರೆ. ಬಂಗಲೆಯ ಮಾಡು ಕುಸಿದದ್ದಕ್ಕೆ ಅಯ್ಯೋ ಎನ್ನುತ್ತಾರೆ. ಆಮೇಲೆ ಬಯಲಿನ ಕಡೆ ತಿರುಗಿ, ಸದ್ಯ, ಇದೊಂದಾದರೂ ಇದ್ದ ಹಾಗೇ ಉಳಿದಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ.