ಬೇರಿಗೆ ಕಟ್ಟಿದ ಗರಿ

ಏಳು ವರ್ಷದ ಮೇಲೆ ಅಡಿವೆಪ್ಪ ಮಠಕ್ಕೆ ಮರಳಿ ಬಂದಾಗ ಅವನ ಹೆಗಲ ಮೇಲೆ ತಾಳೆಗರಿಯ ಒಂದು ಕಟ್ಟಿತ್ತು. ಬಾಯಲ್ಲಿ ಮಾತು ಕಡಿಮೆಯಾಗಿತ್ತು.

ಆ ಏಳೂ ವರ್ಷ ಅವನು ಹೊಳೆಯ ಮೇಲ್ದಂಡೆಯಲ್ಲಿ, ಮಠದಿಂದ ಎರಡು ದಿನದ ದಾರಿಯಾಚೆ, ಒಂದು ಹಳೆಯ ಕಲ್ಲುಸೇತುವೆಯ ಕೆಳಗೆ ವಾಸವಾಗಿದ್ದ. ಅರ್ಧ ಬಿದ್ದ ಸೇತುವೆ. ಹತ್ತಿರದಲ್ಲಿ ಊರಿಲ್ಲ. ತಿಂಗಳಿಗೊಮ್ಮೆ ಅಂಬಿಗರ ಭರಮಪ್ಪ ಹರಿಗೋಲಿನಲ್ಲಿ ಜೋಳದ ಹಿಟ್ಟು ತಂದು ಕೊಟ್ಟು ಹೋಗುತ್ತಿದ್ದ.

ಸೇತುವೆಯನ್ನು ಯಾರು ಕಟ್ಟಿಸಿದರು, ಹೇಗೆ ಕಟ್ಟಿದರು, ಗಾರೆಯಿಲ್ಲದ ಆ ಕಲ್ಲುಗಳು ಯಾವ ಲೆಕ್ಕದ ಮೇಲೆ ನಿಂತಿವೆ, ಇಷ್ಟನ್ನೂ ಒಂದೇ ಪುಸ್ತಕದಲ್ಲಿ ಹೇಳಬೇಕೆಂಬುದು ಅವನ ಹಟ. ಹಗ್ಗ ಹಿಡಿದು ಅಳೆಯುವುದು, ಗುಣಿಸುವುದು, ಕೂತು ಗರಿಯ ಮೇಲೆ ಕೊರೆಯುವುದು. ಮಾತಾಡಬೇಕೆನಿಸಿದರೆ ಸೇತುವೆಯ ಕಂಬಗಳಿದ್ದವು. ಅವು ಎದುರು ಮಾತಾಡುತ್ತಿರಲಿಲ್ಲ.

ಗುರುಗಳಿಗೆ ಮೊಣಕಾಲು ನೋವು. ಅದಕ್ಕೆ ಆಗಿ ಬರುವ ಒಂದು ಬೇರು ಅಲ್ಲಿ ಸಿಗುತ್ತಿತ್ತು. ಪ್ರತಿ ಚಳಿಗಾಲಕ್ಕೆ ಅಡಿವೆಪ್ಪ ಅದನ್ನು ಕಿತ್ತು, ಮುರಿಯದಿರಲೆಂದು ಪುಸ್ತಕಕ್ಕೆ ಬೇಡವಾದ ಗರಿಯೊಂದನ್ನು ಆಸರೆಗೆ ಇಟ್ಟು ಕಟ್ಟಿ, ಭರಮಪ್ಪನ ಕೈಯಲ್ಲಿ ಕಳಿಸುತ್ತಿದ್ದ.

ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಮಠದಲ್ಲಿ ಒಂದು ಕಾಲಕ್ಕೆ ಇಪ್ಪತ್ತು ಶಿಷ್ಯರಿದ್ದರಂತೆ. ಈಗ ಅಟ್ಟದ ತುಂಬ ಪುಸ್ತಕಗಳಿದ್ದವು, ಕೆಳಗೆ ಅಜ್ಜಾರೊಬ್ಬರೇ ಇದ್ದರು.

“ಮುಗೀತೇನಪಾ?” ಅಂದರು ಅಜ್ಜಾರು.

“ಮುಗೀತ್ರಿ.”

“ಕೊಡಿಲ್ಲೆ. ಓದ್ತೀನಿ.” ಅಜ್ಜಾರು ಕೈ ಚಾಚಿದರು.

ಅಡಿವೆಪ್ಪ ಕಟ್ಟನ್ನು ಎದೆಗೆ ಅವಚಿಕೊಂಡ. “ಮೊದಲ ದೊಡ್ಡ ಮಠಕ್ಕ ಕಳಸೂಣ್ರಿ ಅಜ್ಜಾರ. ಅಲ್ಲೆ ಓದಾವ್ರು ಭಾಳ ಮಂದಿ ಅದಾರ.”

“ಆತು. ಕಳಸು.”

ಚಾಚಿದ ಕೈ ಎಷ್ಟು ಹೊತ್ತು ಹಾಗೇ ಇತ್ತೆಂಬುದನ್ನು ಅಡಿವೆಪ್ಪ ನೋಡಲಿಲ್ಲ. ಅವನು ಆಗಲೇ ದಾರ ಹುಡುಕುತ್ತಿದ್ದ.

ಸಿಕ್ಕಿದ್ದು ಅವನದೇ ಅಳತೆಯ ಹಗ್ಗದ ತುಂಡು. ಏಳು ವರ್ಷ ಅಳೆಯುವಾಗ ಹಾಕುತ್ತಿದ್ದ ಗಂಟನ್ನೇ ಹಾಕಿ ಕಟ್ಟಿ, ಭರಮಪ್ಪನ ಕೈಯಲ್ಲಿ ದೊಡ್ಡ ಮಠಕ್ಕೆ ಕಳಿಸಿದ.

ಆ ಸೀಮೆಯಲ್ಲೊಂದು ರೂಢಿಯಿತ್ತು. ಓದಲು ಒಯ್ದ ಪುಸ್ತಕವನ್ನು ಮರಳಿಸುವಾಗ, ಓದಿದವರು ಹಳೆಯ ದಾರ ತೆಗೆದು ಹೊಸ ದಾರ ಕಟ್ಟಿ ಕೊಡಬೇಕು. ಓದಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಒಂದು ವರ್ಷ ಕಾದ. ಹರಿಗೋಲು ಬಂದಾಗಲೆಲ್ಲ ಮೆಟ್ಟಿಲಿಳಿದು ಹೋಗುತ್ತಿದ್ದ. ಬರಿಗೈಯಲ್ಲಿ ಬಂದ ಭರಮಪ್ಪನ ಮೇಲೆ ಸಿಟ್ಟಾಗಿ ಮಾತು ಬಿಡುತ್ತಿದ್ದ, ಮುಂದಿನ ಹರಿಗೋಲಿನ ಹೊತ್ತಿಗೆ ತಾನೇ ಮಾತಾಡಿಸುತ್ತಿದ್ದ.

ಕೊನೆಗೊಂದು ದಿನ ಭರಮಪ್ಪ ಕಟ್ಟನ್ನು ತಂದು ಕೈಗಿಟ್ಟ.

“ಏನಂದ್ರು?”

“ಚಲೋ ಐತಿ ಅಂದ್ರು.”

“ಯಾರಂದ್ರು?”

ಭರಮಪ್ಪ ತಲೆ ಕೆರೆದುಕೊಂಡ. “ಗ್ವಾಡಿ ಮಾಡದಿಂದ ಇಳಿಸಿ ಕೊಟ್ಟಾವ.”

ಅಡಿವೆಪ್ಪ ಕಟ್ಟನ್ನು ತಿರುಗಿಸಿ ನೋಡಿದ. ಅದೇ ಹಗ್ಗ. ಅದೇ ಗಂಟು, ತನ್ನದೇ.

ಹೊಳೆಯ ದಂಡೆಯಲ್ಲಿ ಕೂತು ಅತ್ತ. ಸೇತುವೆಯ ಕೆಳಗೆ ಏಳು ವರ್ಷ ಅವನು ಒಂದು ದಿನವೂ ಅತ್ತಿರಲಿಲ್ಲ. ಮುಂದೆ ಯಾರೋ ಓದುತ್ತಾರೆ ಎಂಬುದೊಂದು ಇತ್ತಲ್ಲ, ಆಗ ಒಬ್ಬನೇ ಇರುವುದು ಕಷ್ಟವೆನಿಸಿರಲಿಲ್ಲ. ಈಗ ಆ ಏಳು ವರ್ಷದ ಒಂಟಿತನವೆಲ್ಲ ಒಮ್ಮೆಗೇ ಬಂದು ಮೈಮೇಲೆ ಬಿತ್ತು.

ಅಳು ಮುಗಿದ ಮೇಲೆ ನಾಚಿಕೆ ಶುರುವಾಯಿತು. ಅಜ್ಜಾರಿಗೆ ಕೊಡದೆ ದೊಡ್ಡ ಮಠಕ್ಕೆ ಕಳಿಸಿದ ಪುಸ್ತಕ. ಯಾವ ಮುಖ ಹೊತ್ತು ಗಂಟು ತೋರಿಸುವುದು?

ಗಂಟು ಬಿಚ್ಚಿ ಹಗ್ಗವನ್ನು ಹೊಳೆಗೆಸೆದ. ದೀಪದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿದ. ಮೂರು ದಿನ ಹಿತ್ತಲಲ್ಲಿ ಕೂತು, ಓದಿದವರ ಕೈ ತಾಗಿ ಮಾಸಿದಂತೆ ಕಾಣಲೆಂದು, ಒಂದೊಂದೇ ಗರಿಯ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿದ. ನೂರಾ ನಲವತ್ತು ಗರಿ. ಹೆಬ್ಬೆರಳು ಸುಲಿದುಹೋಯಿತು. ಆಮೇಲೆ ಹೊಸ ಕೆಂಪು ದಾರ ಕಟ್ಟಿ ಅಜ್ಜಾರ ಮುಂದಿಟ್ಟ.

ಅಜ್ಜಾರು ದಾರ ಬಿಚ್ಚಿದರು. ಓದಲಿಲ್ಲ. ಗರಿಗಳನ್ನು ಒಂದೊಂದಾಗಿ ಸರಿಸುತ್ತ ಹೋದರು.

“ಓದ್ಯಾರ,” ಅಂದರು.

“ಹೌದ್ರಿ.”

“ಒಬ್ಬನ ಓದ್ಯಾನ.”

“ಅದ್ಹೆಂಗ ಗೊತ್ತಾತ್ರಿ?”

“ಎಲ್ಲಾ ಗರಿ ಒಂದ ಸಮ ಮಾಸ್ಯಾವ. ಓದಾವ ಎಲ್ಲೋ ಒಂದ್ ಕಡೆ ನಿಂದ್ರತಾನ, ಎಲ್ಲೋ ಒಂದ್ ಕಡೆ ಓಡತಾನ. ಎಲ್ಲಾ ಗರೀ ಮ್ಯಾಲೂ ಅಷ್ಟಷ್ಟ ಪ್ರೀತಿ ಇರಾವ ಒಬ್ಬನ, ಬರದಾವ.”

ಅಡಿವೆಪ್ಪ ಸುಲಿದ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. ಬೈದಿದ್ದರೆ ಎದ್ದು ಹೋಗಬಹುದಿತ್ತು. ಅಜ್ಜಾರು ಬೈಯಲಿಲ್ಲ.

“ಅಟ್ಟದ ಮ್ಯಾಲೆ ಮೂಡಣ ಮೂಲ್ಯಾಗ ಮೂರು ಕಟ್ಟು ಅದಾವ,” ಅಂದರು. “ಒಂದು ಹಿಂದಿನವರ ಚರಿತ್ರೆ. ಒಂದು ಕಟ್ಟಡದ್ದು. ಒಂದು ಗ್ರಹಣದ ಲೆಕ್ಕದ್ದು. ಮುನ್ನೂರು ವರ್ಷದಿಂದ ಮಂದಿ ಬಂದು ಬಂದು ಓದ್ಯಾರ. ಅವು ಹೆಂಗ ಮಾಸ್ಯಾವ ನೋಡಿ ಬಾ.”

ಅಡಿವೆಪ್ಪ ಅಟ್ಟ ಹತ್ತಿದ. ಎಂಟು ದಿನ ಇಳಿಯಲಿಲ್ಲ. ಒಂಬತ್ತನೆಯ ದಿನ ಕಣ್ಣು ಕೆಂಪಗೆ ಮಾಡಿಕೊಂಡು ಇಳಿದು ಬಂದ.

“ಗೊತ್ತಾತ್ರಿ ಅಜ್ಜಾರ. ಚರಿತ್ರೆಯಾಗ ಕೋಟೆ ಗೆದ್ದ ವರ್ಣನಾ ಅಗದೀ ಚಂದ ಐತಿ. ಕಟ್ಟಡದಾಗ ಅಳತಿ ಸೂತ್ರ, ಒಂದಕ್ಷರ ಹೆಚ್ಚಿಲ್ಲ ಕಡಿಮಿಲ್ಲ. ಇನ್ನ ಗ್ರಹಣದ ಲೆಕ್ಕ…”

“ಗರಿ ನೋಡಂದ್ರ ಅಕ್ಷರ ನೋಡಿ ಬಂದಿ,” ಅಂದರು ಅಜ್ಜಾರು. “ಮತ್ತ ಹೋಗು. ಕಣ್ಣು ಮುಚ್ಚಿ ನೋಡು.”

ಮತ್ತೆ ಹತ್ತಿದ. ಈ ಸಲ ಕಣ್ಣು ಮುಚ್ಚಿ, ಗರಿಗಳ ಅಂಚಿನ ಮೇಲೆ ಬೆರಳಾಡಿಸುತ್ತ ಹೋದ.

ಚರಿತ್ರೆಯ ಕಟ್ಟಿನಲ್ಲಿ ಕೋಟೆ ಗೆದ್ದ ಗರಿಗಳು ಹೊಸದಾಗಿ ಕೊರೆದಷ್ಟು ಚೂಪಾಗಿದ್ದವು. ಬೆರಳು ಮುಂದೆ ಮುಂದೆ ಹೋಗಿ ಒಂದು ಕಡೆ ಜಾರಿತು. ಆ ಗರಿಯ ಅಂಚು ಸವೆದು ತೆಳ್ಳಗಾಗಿತ್ತು. ಕಣ್ಣು ಬಿಟ್ಟು ಓದಿದ.

‘ಮುಂದಿನ ಹನ್ನೆರಡು ವರ್ಷ ಈ ಊರಿನಲ್ಲಿ ಏನು ನಡೆಯಿತೋ ನನಗೆ ತಿಳಿಯದು. ಕೇಳಿದ ಮುದುಕರೆಲ್ಲ ಮಾತು ಬದಲಿಸಿದರು. ಒಬ್ಬಾಕೆ ಮಾತ್ರ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.’

ಅಷ್ಟೇ ಇತ್ತು. ಮುನ್ನೂರು ವರ್ಷದ ಬೆರಳುಗಳು ಆ ಬಾಗಿಲ ಮುಂದೆ ನಿಂತು ಹೋಗಿದ್ದವು.

ಕಟ್ಟಡದ ಪುಸ್ತಕದಲ್ಲಿ ಸವೆದದ್ದು, ಗೋಪುರದ ಮೆಟ್ಟಿಲುಗಳಲ್ಲಿ ಒಂದು ಮಾತ್ರ ಯಾಕೆ ಗಿಡ್ಡ ಎಂದು ಬರೆದ ಗರಿ. ಶಿಲ್ಪಿಯ ತಾಯಿ ಅನ್ನ ತಂದಾಗ ಅಲ್ಲೇ ಕೂರುತ್ತಿದ್ದಳಂತೆ. ಅವಳಿಗೆ ಕಾಲು ಎತ್ತಿ ಇಡಲು ಆಗುತ್ತಿರಲಿಲ್ಲ.

ಗ್ರಹಣದ ಕಟ್ಟಿಗೆ ಬಂದಾಗ ಬೆರಳಿಗೆ ಹುಡುಕುವ ಕೆಲಸವೇ ಬೀಳಲಿಲ್ಲ. ಒಂದು ಗರಿ ಎಷ್ಟು ಸವೆದಿತ್ತೆಂದರೆ, ಯಾರೋ ಪುಣ್ಯಾತ್ಮರು ಅದಕ್ಕೆ ಹಿಂದಿನಿಂದ ಇನ್ನೊಂದು ಗರಿ ಹೊಲಿದು ಕೊಟ್ಟಿದ್ದರು.

‘ಆ ದಿನ ಗ್ರಹಣ ಹಿಡಿಯಲಿಲ್ಲ. ನನ್ನ ಮಾತು ನಂಬಿ ಊರೆಲ್ಲ ಉಪವಾಸವಿತ್ತು. ಜನ ಹೊಳೆಯಲ್ಲಿ ಸೊಂಟದವರೆಗೆ ನಿಂತು ಮಧ್ಯಾಹ್ನದ ತನಕ ಸೂರ್ಯನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನನ್ನ ಹೆಂಡತಿಯೂ ಒದ್ದೆ ಸೀರೆಯಲ್ಲಿ ಮಾತಾಡದೆ ಮನೆಗೆ ಹೋದಳು. ನಾನು ಬಾಗಿಲು ಹಾಕಿಕೊಂಡು ಲೆಕ್ಕವನ್ನು ಮೊದಲಿನಿಂದ ಮಾಡಿದೆ. ತಪ್ಪು ಏಳನೆಯ ಹೆಜ್ಜೆಯಲ್ಲಿದೆ. ಓದುವವನೇ, ಇಲ್ಲಿ ಬಾ, ಇಬ್ಬರೂ ಕೂಡಿ ಮತ್ತೊಮ್ಮೆ ನೋಡೋಣ.’

ಕೆಳಗೆ ಆ ಲೆಕ್ಕವಿತ್ತು, ತಪ್ಪಿದ್ದು ಒಂದು ಸಾಲು, ತಿದ್ದಿದ್ದು ಒಂದು ಸಾಲು. ಅಂಚಿನಲ್ಲಿ ಬೇರೆ ಬೇರೆ ಕೈಗಳು ಸಣ್ಣದಾಗಿ ಕೊರೆದಿದ್ದವು. ‘ನಾನೂ ಇಲ್ಲಿಯೇ ತಪ್ಪಿದೆ.’ ‘ನಾನೂ.’ ಇನ್ನೊಂದು ಸೊಟ್ಟ ಅಕ್ಷರ, ಯಾರೋ ಎಳೆಯರದಿರಬೇಕು: ‘ನಾನು ಎರಡು ಸಲ.’

ಅಡಿವೆಪ್ಪ ನಕ್ಕ. ಒಂದು ವರ್ಷದಲ್ಲಿ ಮೊದಲ ಸಲ ನಕ್ಕದ್ದು ಅಟ್ಟದ ಮೇಲೆ, ಎಂದೋ ಸತ್ತುಹೋದವರ ಜೊತೆ. ನಗುತ್ತ ನಗುತ್ತಲೇ ಅವನಿಗೆ ತನ್ನ ಪುಸ್ತಕ ನೆನಪಾಯಿತು, ಮತ್ತೆ ನಗಲಾಗಲಿಲ್ಲ.

ಮರುದಿನ ಮುಂಜಾನೆ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಬಿಸಿಲಿಗೆ ಮೊಣಕಾಲು ಒಡ್ಡಿ ಕೂತಿದ್ದರು. ಅಡಿವೆಪ್ಪ ತನ್ನ ಕಟ್ಟನ್ನು ಹಿಡಿದು ಅವರನ್ನು ದಾಟಿ ನೀರಿಗಿಳಿದ.

“ಎಲ್ಲಿಗಪಾ?”

“ಇದನ್ನ ಹೊಳಿಗೆ ಬಿಡ್ತೀನ್ರಿ.”

“ಯಾಕ?”

“ಮಸಿ ಹಚ್ಚಿದಾವ ನಾನ ರೀ ಅಜ್ಜಾರ. ಯಾರೂ ಓದಿಲ್ಲ. ಗಂಟು ಸೈತ ಬಿಚ್ಚಿರಲಿಲ್ಲ.”

“ಅದು ನನಗ ಗೊತ್ತೈತಿ. ಹೊಳಿಗ್ಯಾಕ ಬಿಡ್ತಿ ಅಂತ ಕೇಳಿದೆ.”

ಅಡಿವೆಪ್ಪ ನೀರಿನಲ್ಲೇ ನಿಂತ. “ಓದಿದ್ರೂ ಯಾರೂ ನಿಂದ್ರತಿರಲಿಲ್ರಿ. ನಿಂದ್ರುವಂಥಾ ಗರಿ ಇದರಾಗ ಒಂದೂ ಇಲ್ಲ. ಗೊತ್ತಿರಲಾರದ್ದನ್ನೆಲ್ಲಾ ಮುಚ್ಚೀನಿ. ತಪ್ಪಿದ್ದನ್ನೆಲ್ಲಾ ತಗದೀನಿ. ಹುಡುಕಿ ಹುಡುಕಿ ತಗದೀನ್ರಿ.”

“ಬಾಯಿಲ್ಲೆ. ಕುಂದ್ರು.”

ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತ. ಕಟ್ಟು ತೊಡೆಯ ಮೇಲಿತ್ತು, ಪಾದ ನೀರಿನಲ್ಲಿತ್ತು.

ಅಜ್ಜಾರು ಶಾಲಿನ ಮಡಿಕೆಯಿಂದ ಒಂದು ಗರಿ ತೆಗೆದು ಅವನ ಕೈಗಿಟ್ಟರು.

ಕರ್ರಗೆ ಮಾಸಿದ ಗರಿ. ಎರಡೂ ತುದಿ, ಹೆಬ್ಬೆರಳು ಕೂರುವ ಕಡೆ, ಸವೆದು ಒಳಗೆ ಬಾಗಿದ್ದವು. ಒಂದು ಮೂಲೆ ಮುರಿದಿತ್ತು. ಒಣಬೇರಿನ ವಾಸನೆ ಇನ್ನೂ ಸಣ್ಣಗೆ ಬರುತ್ತಿತ್ತು.

ಅಕ್ಷರ ಅವನದೇ.

‘ನನ್ನ ಲೆಕ್ಕದ ಪ್ರಕಾರ ಐದನೆಯ ಕಂಬ ಬೀಳಬಾರದು. ಬಿದ್ದಿದೆ. ಮೂರು ಸಲ ಅಳೆದೆ, ಮೂರು ಸಲ ಗುಣಿಸಿದೆ. ಪ್ರತಿ ಸಲವೂ ಕಂಬ ಲೆಕ್ಕದಲ್ಲಿ ನಿಂತಿದೆ, ನೀರಿನಲ್ಲಿ ಬಿದ್ದಿದೆ. ಈ ಹೊತ್ತು ಅಳೆಯಲಿಲ್ಲ. ಬಿದ್ದ ಕಂಬದ ಮೇಲೆ ಕೂತು ರೊಟ್ಟಿ ತಿಂದೆ. ಇದನ್ನು ನಿಲ್ಲಿಸಿದವನಿಗೂ ಇದು ಯಾಕೆ ಬಿತ್ತೆಂದು ಗೊತ್ತಾಗುತ್ತಿರಲಿಲ್ಲವೇನೋ. ಅವನು ಇದ್ದಿದ್ದರೆ ಅರ್ಧ ರೊಟ್ಟಿ ಕೊಡುತ್ತಿದ್ದೆ.’

ಅಡಿವೆಪ್ಪನಿಗೆ ಆ ಮಧ್ಯಾಹ್ನ ನೆನಪಾಯಿತು. ನಾಲ್ಕನೆಯ ವರ್ಷ. ಬರೆದ ಮರುಗಳಿಗೆಯೇ ನಾಚಿಕೆಯಾಗಿತ್ತು. ಪುಸ್ತಕದಲ್ಲಿ ರೊಟ್ಟಿಯ ಮಾತೇ? ಆ ಗರಿಯನ್ನು ಬದಿಗೆಸೆದು, ಚಳಿಗಾಲಕ್ಕೆ ಬೇರು ಕಟ್ಟುವಾಗ ಆಸರೆಗೆ ಇಟ್ಟಿದ್ದ.

“ಇದು ನಾ ಬ್ಯಾಡಂತ ತಗದ ಗರಿ ರೀ.”

“ಹೂಂ. ಬೇರಿನ ಜೋಡಿ ಬಂತು.”

ಅಡಿವೆಪ್ಪ ತನ್ನ ಹೆಬ್ಬೆರಳನ್ನು ಗರಿಯ ತುದಿಯ ಮೇಲಿಟ್ಟು ನೋಡಿದ. ಸವೆದ ಜಾಗ ಅವನ ಬೆರಳಿಗಿಂತ ಅಗಲವಾಗಿತ್ತು. ಮಸಿ ಹಚ್ಚಿದ್ದಲ್ಲ. ಮೂರು ದಿನ ತಿಕ್ಕಿ ಬಂದವನಿಗೆ ಅಷ್ಟು ಗೊತ್ತಾಗುತ್ತದೆ. ಹೀಗೆ ಸವೆಯಬೇಕಾದರೆ ವರ್ಷಗಳು ಬೇಕು, ದಿನ ಬಿಡದೆ ಕೈಗೆ ತೆಗೆದುಕೊಳ್ಳಬೇಕು.

“ಯಾರ್ರಿ ಅಜ್ಜಾರ,” ಅಂದ. “ಯಾರು ಓದ್ಯಾರ್ರಿ ಇದನ್ನ, ಇಷ್ಟು?”

ಅಜ್ಜಾರು ಹೊಳೆಯ ಕಡೆ ನೋಡುತ್ತ ಮೊಣಕಾಲು ನೀವಿಕೊಂಡರು.

“ನೀ ಏಳು ವರ್ಷ ಆ ಸೇತುವಿ ಕೆಳಗ ಒಬ್ಬನ ಇದ್ದಿ,” ಅಂದರು. “ನಾ ಇಲ್ಲೆ ಯಾರ ಜೋಡಿ ಇದ್ದೆ ಅಂತ ತಿಳದಿದ್ದಿ?”